ಸ್ಕ್ಯಾನಿಗೆ ಕಳಿಸದ ರೋಗಿ

ಡಾ. ಲಿಂಬಾನಿ ಕಚಿಂಗ್ವೆ ತನ್ನ ಮೂವತ್ತೊಂದು ವರ್ಷದ ಬದುಕಿನಲ್ಲಿ ಸಿ.ಟಿ. ಸ್ಕ್ಯಾನ್ ಯಂತ್ರವನ್ನು ಕಣ್ಣಾರೆ ನೋಡಿದ್ದು ನಾಲ್ಕು ಸಲ. ಅದರಲ್ಲಿ ಎರಡು ಸಲ ಅದು ಕೆಟ್ಟು ನಿಂತಿತ್ತು. ಅವನು ಕೆಲಸ ಮಾಡುತ್ತಿದ್ದ ಮಿಷನ್ ಆಸ್ಪತ್ರೆ ಮಲಾವಿಯಲ್ಲಿ, ಸರೋವರದ ದಂಡೆಯಲ್ಲಿತ್ತು. ಹತ್ತಿರದ ಯಂತ್ರವೆಂದರೆ ಬ್ಲಾಂಟೈರಿನದು. ಆಂಬುಲೆನ್ಸಿಗೆ ಡೀಸೆಲ್ ಸಿಕ್ಕ ದಿನ ಮೂರೂವರೆ ಗಂಟೆಯ ದಾರಿ. ಡೀಸೆಲ್ ಸಿಗದ ದಿನ ಅದು ಎಷ್ಟು ದೂರ ಎಂದು ಯಾರೂ ಅಳೆದಿರಲಿಲ್ಲ.

ಆದ್ದರಿಂದ ಜನವರಿಯಲ್ಲಿ ಶಸ್ತ್ರಚಿಕಿತ್ಸಕರ ಕಾಲೇಜಿನಿಂದ ಬಂದ ಪತ್ರವನ್ನು ಅವನು ಮೂರು ಸಲ ಓದಿದ. ಹನ್ನೆರಡು ಮೇಜುಗಳ ಪೈಕಿ ಹನ್ನೊಂದರಲ್ಲಿ ಒಳ್ಳೆಯ ಅಂಕ. ಏಳನೆಯದರ ಎದುರು ಹೀಗೆ ಬರೆದಿತ್ತು: "ರಕ್ತದೊತ್ತಡ ಕುಸಿದ ರೋಗಿಯನ್ನು ಸ್ಕ್ಯಾನಿಗೆ ಕಳಿಸಲು ನಿರ್ಧರಿಸಿದರು. ಕೇಳಿದಾಗ ಖಚಿತಪಡಿಸಿದರು. ಅಪಾಯಕಾರಿ. ಅನುತ್ತೀರ್ಣ."

ಆ ಪರೀಕ್ಷೆಯ ಕ್ರಮವೇ ಹಾಗೆ. ಒಂದೊಂದು ಮೇಜಿಗೆ ಎಂಟು ನಿಮಿಷ, ಮೇಜಿನಾಚೆ ಇಬ್ಬರು ಪರೀಕ್ಷಕರು. ಗಂಟೆ ಬಾರಿಸಿದರೆ ಎದ್ದು ಮುಂದಿನ ಮೇಜಿಗೆ. ಉಳಿದದ್ದರಲ್ಲಿ ಎಷ್ಟೇ ಅಂಕ ಬರಲಿ, ಒಂದೇ ಒಂದು ಅಪಾಯಕಾರಿ ಉತ್ತರವಿದ್ದರೆ ಇಡೀ ಪರೀಕ್ಷೆ ಹೋದಂತೆ. ಅದರಲ್ಲಿ ತಪ್ಪೇನೂ ಇಲ್ಲ ಎಂದು ಲಿಂಬಾನಿಯೇ ಒಪ್ಪುತ್ತಿದ್ದ. ಹೊಟ್ಟೆಯೊಳಗೆ ರಕ್ತ ಸುರಿಯುತ್ತಿರುವವನನ್ನು ಸ್ಕ್ಯಾನ್ ಕೊಳವೆಯೊಳಗೆ ಮಲಗಿಸಿ ಚಿತ್ರ ತೆಗೆಯುತ್ತ ಕೂತರೆ ಚಿತ್ರ ಬರುವಷ್ಟರಲ್ಲಿ ಅವನಿರುವುದಿಲ್ಲ. ಅದನ್ನು ಅವನು ವಿದ್ಯಾರ್ಥಿಗಳಿಗೆ ತಾನೇ ಪಾಠ ಮಾಡಿದ್ದ. ಅವನಿಗೆ ಅರ್ಥವಾಗದಿದ್ದದ್ದು ಒಂದೇ: ತಾನು ಹಾಗೆ ಹೇಳಿದ್ದು ಯಾವಾಗ?

ಪ್ರಶ್ನೆ ಚೆನ್ನಾಗಿ ನೆನಪಿತ್ತು. ಮೂವತ್ತರ ಗಂಡಸು, ಬಾಡಿಗೆ ಬೈಕಿನಿಂದ ಬಿದ್ದಿದ್ದಾನೆ, ಹೊಟ್ಟೆ ಉಬ್ಬಿದೆ, ರಕ್ತದೊತ್ತಡ ಎಂಬತ್ತು. ಗುಲ್ಮ ಒಡೆದಿರಬೇಕು. ಇಂಥವರನ್ನು ಲಿಂಬಾನಿ ತಿಂಗಳಿಗೆ ಇಬ್ಬರನ್ನಾದರೂ ನೋಡುತ್ತಿದ್ದ. ಸ್ಕ್ಯಾನ್ ಬೇಡವೆಂದೇ ತಾನು ಹೇಳಿದ್ದೆನೆಂದು ಅವನು ಬೈಬಲ್ ಮುಟ್ಟಿ ಹೇಳಲು ತಯಾರಿದ್ದ.

"ಬೈಬಲ್ ಮುಟ್ಟೋದು ಕೋರ್ಟಲ್ಲಿ," ಎಂದರು ಡಾ. ಚಿರಾಂಬೋ. ಅವರು ಆಸ್ಪತ್ರೆಯ ಏಕೈಕ ಶಸ್ತ್ರಚಿಕಿತ್ಸಕರು, ಲಿಂಬಾನಿಯ ಗುರು, ಮಾತು ಕಡಿಮೆ. "ಡಿಸೆಂಬರಿನಲ್ಲಿ ಮತ್ತೆ ಕೂತ್ಕೋ. ಆದ್ರೆ ಅದೇ ಕೊನೆ. ಗೊತ್ತಲ್ಲ?"

ಗೊತ್ತಿತ್ತು. ತರಬೇತಿಯ ಹುದ್ದೆ ಸರಕಾರದ್ದು. ಎರಡನೇ ಸಲ ಬಿದ್ದರೆ ಅದು ಸರದಿಯಲ್ಲಿರುವ ಇನ್ನೊಬ್ಬರಿಗೆ ಹೋಗುತ್ತಿತ್ತು. ಲಿಂಬಾನಿ ದೇಶದ ದಕ್ಷಿಣದ ತುದಿಯ ನ್ಸಾಂಜೆಗೆ ಜಿಲ್ಲಾ ವೈದ್ಯಾಧಿಕಾರಿಯಾಗಿ ಹೋಗಬೇಕಿತ್ತು. ಅಲ್ಲಿ ಸಭೆಗಳಿರುತ್ತವೆ, ಸೊಳ್ಳೆಪರದೆ ಹಂಚಿಕೆಯ ವರದಿಗಳಿರುತ್ತವೆ. ಮತ್ತೆ ಯಾರೂ ಅವನ ಕೈಗೆ ಚಾಕು ಕೊಡುವುದಿಲ್ಲ.

ಹೀಗೆ ಅವನು ತನಗೆ ಮೊದಲೇ ಗೊತ್ತಿದ್ದುದನ್ನು ಮತ್ತೆ ಕಲಿಯಲು ಕೂತ. ಕೂರಲು ಇದ್ದ ಜಾಗ ಆಪರೇಷನ್ ಥಿಯೇಟರಿನ ಬಟ್ಟೆ ಬದಲಿಸುವ ಕೋಣೆ, ಬಿಳಿ ರಬ್ಬರ್ ಬೂಟುಗಳನ್ನು ಒಣಗಿಸುವ ಹಲಗೆಯ ಪಕ್ಕ. ಸಮಯ ಮಧ್ಯಾಹ್ನದ ಊಟದ ಬಿಡುವು. ಪುಸ್ತಕ ತೆರೆದ ಕೂಡಲೇ ಪಕ್ಕದ ಚರ್ಚಿನಲ್ಲಿ ಗಾಯನ ಶುರುವಾಗುತ್ತಿತ್ತು. ಬಿಷಪ್ಪರ ಭೇಟಿಗೆಂದು ಅವರು ಒಂದೇ ಹಾಡನ್ನು ಮಾರ್ಚಿನಿಂದ ಅಭ್ಯಾಸ ಮಾಡುತ್ತಿದ್ದರು. ಮೂರನೇ ಚರಣದಲ್ಲಿ ಗಂಡಸರು ತಪ್ಪುತ್ತಿದ್ದರು, ಮೊದಲಿನಿಂದ ಶುರುಮಾಡುತ್ತಿದ್ದರು. ಆಮೇಲೆ ಕರೆಂಟು ಹೋಗುತ್ತಿತ್ತು. ಆಮೇಲೆ ಯಾರಾದರೊಬ್ಬರು ರಜೆ ಅರ್ಜಿಗೆ ಸಹಿ ಕೇಳಿ ಬರುತ್ತಿದ್ದರು, ಸಹಿ ಹಾಕುವ ಅಧಿಕಾರ ಅವನಿಗಿಲ್ಲವೆಂದು ಗೊತ್ತಿದ್ದೂ. ಅಪಘಾತದ ಅಧ್ಯಾಯವನ್ನು ಅವನು ಆ ವರ್ಷ ಹನ್ನೊಂದು ಸಲ ಓದಿದ. ಹನ್ನೊಂದು ಸಲವೂ ಪುಸ್ತಕ ಅವನ ಪರವಾಗಿಯೇ ಮಾತಾಡಿತು.

ಪತ್ರದ ಸಂಗತಿ ಗುಟ್ಟಾಗಿ ಉಳಿಯಲಿಲ್ಲ. ಆಂಬುಲೆನ್ಸ್ ಚಾಲಕ ಅವನಿಗೆ ಸ್ಕ್ಯಾನ್ ಡಾಕ್ಟರು ಎಂದು ಹೆಸರಿಟ್ಟ. "ಡೀಸೆಲ್ ಇಲ್ಲ ಸ್ಕ್ಯಾನ್ ಡಾಕ್ಟ್ರೇ," ಎನ್ನುತ್ತಿದ್ದ ಗೇಟಿನಲ್ಲಿ ಕಂಡಾಗಲೆಲ್ಲ. "ನಿಮ್ಮ ರೋಗಿಗೆ ಬ್ಲಾಂಟೈರಿಗೆ ಸೈಕಲ್ ಹೇಳ್ಲಾ? ಹಿಂದುಗಡೆ ದಿಂಬು ಕಟ್ತೀನಿ." ಮೊದಲ ತಿಂಗಳು ಲಿಂಬಾನಿ ನಕ್ಕ. ಏಪ್ರಿಲ್ ಹೊತ್ತಿಗೆ ಹಿಂದಿನ ಗೇಟಿನಿಂದ ಬರಲು ಶುರುಮಾಡಿದ.

ಥಿಯೇಟರಿನಲ್ಲಿ ಅವನ ಪರ ನಿಂತವರು ಅಮಾಯಿ ಮಾಲುಂಗಾ ಒಬ್ಬರೇ. ಇಪ್ಪತ್ತೆರಡು ವರ್ಷದಿಂದ ಅಲ್ಲಿ ಸಲಕರಣೆ ಕೈಗೆ ಕೊಡುವ ನರ್ಸು. ಡಾ. ಚಿರಾಂಬೋ ಕೂಡ ಅವರನ್ನು ಅಮಾಯಿ, ಅಂದರೆ ತಾಯಿ, ಎಂದೇ ಕರೆಯುತ್ತಿದ್ದರು. ಕಾಲೇಜಿನವರು ಕಾಗದ ಅದಲುಬದಲು ಮಾಡಿದ್ದಾರೆಂಬುದು ಅವರ ತೀರ್ಮಾನ. ತಮ್ಮ ಕೈಯಿಂದ ಏನೂ ಅದಲುಬದಲಾಗುವುದಿಲ್ಲವೆಂಬ ಹೆಮ್ಮೆ ಅದರಲ್ಲಿ ಸೇರಿತ್ತು. ಹೊಟ್ಟೆ ತೆರೆಯುವ ಮುಂಚೆ ರಕ್ತ ಒರೆಸುವ ಬಟ್ಟೆ ತುಂಡುಗಳನ್ನು, ಅಂದರೆ ಸ್ವಾಬುಗಳನ್ನು, ಎಣಿಸಿ ಇಡುವವರು ಅವರು. ಹೊಲಿಯುವ ಮುಂಚೆ ಮತ್ತೆ ಎಣಿಸುವವರೂ ಅವರೇ. ಒಂದು ಒಳಗೆ ಉಳಿದರೆ ರೋಗಿ ಸಾಯಬಹುದು. ಇಪ್ಪತ್ತೆರಡು ವರ್ಷದಲ್ಲಿ ಒಂದೂ ಉಳಿದಿರಲಿಲ್ಲ.

ಜುಲೈಯಲ್ಲಿ ಸ್ಕಾಟ್ಲೆಂಡಿನಿಂದ ಡಾ. ಐಲ್ಸಾ ರೆನ್ನಿ ಎಂಬ ಶಸ್ತ್ರಚಿಕಿತ್ಸಕಿ ಆರು ವಾರಕ್ಕೆ ಬಂದರು. ಕೆಲಸದಲ್ಲಿ ಚುರುಕು, ಸಣ್ಣದಕ್ಕೂ ಥ್ಯಾಂಕ್ಸ್ ಹೇಳುವವರು. ಬಂದ ಎರಡನೇ ವಾರ, ಬುಧವಾರ, ಒಬ್ಬ ಮೀನುಗಾರನ ಕರುಳು ತಿರುಚಿಕೊಂಡಿತ್ತು. ಲಿಂಬಾನಿ ಹೊಟ್ಟೆಯ ಅಂಚನ್ನು ಹಿಡಿದೆಳೆಯುವ ಕೊಕ್ಕೆಗಳನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದ. ಒಂದೂಮುಕ್ಕಾಲು ಗಂಟೆಯ ಕೆಲಸ ಚೆನ್ನಾಗಿ ಮುಗಿಯಿತು. ರೆನ್ನಿ ಸೂಜಿ ಕೈಗೆತ್ತಿಕೊಂಡು ಇಂಗ್ಲಿಷಿನಲ್ಲಿ ಕೇಳಿದರು:

"ಯಾವುದೂ ಕಡಿಮೆ ಇಲ್ಲ ತಾನೆ, ಸಿಸ್ಟರ್?"

"ಯೆಸ್, ಡಾಕ್ಟರ್," ಎಂದರು ಅಮಾಯಿ.

ರೆನ್ನಿಯವರ ಕೈ ನಿಂತಿತು. "ಕಡಿಮೆ ಇದೆಯಾ?"

"ನೋ, ಡಾಕ್ಟರ್."

"ಹಾಗಾದ್ರೆ ಕಡಿಮೆ ಇಲ್ಲ?"

"ಯೆಸ್."

"ಎಷ್ಟು?"

"ಮೂವತ್ತು."

ರೆನ್ನಿ ಸೂಜಿಯನ್ನು ಕೆಳಗಿಟ್ಟರು. ಮೂವತ್ತು ಸ್ವಾಬು ರೋಗಿಯ ಹೊಟ್ಟೆಯಲ್ಲಿವೆ ಎಂದೇ ಅವರಿಗೆ ಒಂದು ಕ್ಷಣ ಅನ್ನಿಸಿರಬೇಕು. ಮುಖವೆಲ್ಲ ಮಾಸ್ಕಿನ ಮೇಲಿನ ಎರಡು ಕಣ್ಣುಗಳಲ್ಲೇ ಇತ್ತು. ಮತ್ತೆ ಎಣಿಸಲು ಹೇಳಿದರು. ಅಮಾಯಿ ಎಣಿಸಿದರು, ಮೂವತ್ತು. ರೆನ್ನಿ ಕರುಳನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ತಡಕಿದರು. ಬಳಸಿದ ಸ್ವಾಬುಗಳ ಬಕೆಟ್ಟನ್ನು ನೆಲಕ್ಕೆ ಸುರಿದು ತಾವೇ ಎಣಿಸಿದರು. ಮೂವತ್ತು. ಅಷ್ಟರಲ್ಲಿ ಇಪ್ಪತ್ತು ನಿಮಿಷ ಕಳೆದಿತ್ತು, ಲಿಂಬಾನಿಯ ಎಡಗೈ ಮರಗಟ್ಟಿತ್ತು.

ಅಮಾಯಿ ಚಿಚೇವಾದಲ್ಲಿ ಲಿಂಬಾನಿಗೆ ಹೇಳಿದರು: "ಈ ತಾಯಿಗೆ ಹೇಳಿ ಡಾಕ್ಟ್ರೇ. ನಾನು ಮೊದ್ಲೇ ಹೇಳಿದೀನಿ, ಯೆಸ್ ಅಂತ. ಕಡಿಮೆ ಇಲ್ವಾ ಅಂತ ಕೇಳಿದ್ರು, ಹೌದು, ಇಲ್ಲ ಅಂದೆ. ಇನ್ನು ಹೇಗೆ ಹೇಳ್ಬೇಕು?"

ಲಿಂಬಾನಿ ಅದನ್ನು ಇಂಗ್ಲಿಷಿಗೆ ತಿರುಗಿಸತೊಡಗಿದ. ನಮ್ಮ ಭಾಷೆಯಲ್ಲಿ, ಎಂದ, ಕೇಳಿದವರ ಮಾತು ಸರಿಯಾಗಿದ್ದರೆ ಹೌದು ಅನ್ನುತ್ತೇವೆ. ನೀವು ಕಡಿಮೆ ಇಲ್ಲ ಅಂದಿರಿ, ಅದು ಸರಿ, ಆದ್ದರಿಂದ ಯೆಸ್. ನೀವುಗಳು ಕೇಳಿದವರನ್ನು ನೋಡುವುದಿಲ್ಲ, ಸಂಗತಿಯನ್ನಷ್ಟೇ ನೋಡುತ್ತೀರಿ. ಕಡಿಮೆ ಇಲ್ಲದಿದ್ದರೆ ನಿಮಗೆ ಅದು ನೋ. ಇಲ್ಲಿಯವರೆಗೆ ಹೇಳಿ ಅವನು ನಿಂತುಬಿಟ್ಟ. ಬಲಗೈಯ ಕೊಕ್ಕೆ ಸಡಿಲವಾಯಿತು.

"ಹಿಡ್ಕೊಳ್ಳಿ," ಎಂದರು ರೆನ್ನಿ.

ಅವನು ಹಿಡಿದುಕೊಂಡ. ಆದರೆ ಅವನು ನೋಡುತ್ತಿದ್ದದ್ದು ಹೋದ ವರ್ಷ ಪರೀಕ್ಷೆ ನಡೆದ ಅರುಷಾದ ಏಳನೇ ಮೇಜನ್ನು. ಮೇಜಿನಾಚೆಯ ನರೆತ ಇಂಗ್ಲಿಷ್ ಪರೀಕ್ಷಕ, ಪೆನ್ನು ಎತ್ತಿ ಕೇಳಿದ್ದು: ಅಂದರೆ ನೀವು ಸ್ಕ್ಯಾನಿಗೆ ಕಳಿಸುವುದಿಲ್ಲ? ಯೆಸ್, ಸರ್. ಆತ ತಲೆಯೆತ್ತಿ ಮತ್ತೆ ಕೇಳಿದ್ದು: ಯೆಸ್? ಖಂಡಿತವಾಗಿ? ಯೆಸ್, ಸರ್, ಖಂಡಿತವಾಗಿ. ಆಮೇಲೆ ಗಂಟೆ.

ಏಳು ತಿಂಗಳು. ಹನ್ನೊಂದು ಸಲ ಓದಿದ ಅಧ್ಯಾಯ. ಹಿಂದಿನ ಗೇಟು.

ಮೇಲ್ಮನವಿ ಬರೆಯಬೇಕೆಂದು ಅವನು ಅಂದೇ ಡಾ. ಚಿರಾಂಬೋ ಅವರ ಕೋಣೆಗೆ ನುಗ್ಗಿದ. ಅವರು ಕಾಲೇಜಿನ ನಿಯಮದ ಪುಸ್ತಕ ತೆಗೆದು ಪುಟ ತೋರಿಸಿದರು: ಫಲಿತಾಂಶ ಬಂದ ಮೂವತ್ತು ದಿನದೊಳಗೆ. ಬೇಕಾದರೆ ಬರೆ, ಎಂದರು. ಏನಂತ ಬರೆಯುತ್ತೀ? ನಾನು ಯೆಸ್ ಅಂದೆ, ಆದರೆ ನನ್ನ ಯೆಸ್ ಅಂದರೆ ನೋ ಅಂತಲೇ? ಅದನ್ನು ಓದಿದವರು ನಿನ್ನ ಕೈಗೆ ಚಾಕು ಕೊಡುತ್ತಾರೆಯೇ?

"ನಿಮಗೆ ಹೀಗಾಗ್ಲಿಲ್ಲವಾ, ಸರ್?"

"ನನ್ನ ಪರೀಕ್ಷಕರು ನಮ್ಮ ದೇಶದವರೇ, ಎಂಜೂಜೂನವರು," ಎಂದರು ಚಿರಾಂಬೋ. "ಹೋಗಿ ಓದು."

ಓದಲು ಏನೂ ಉಳಿದಿರಲಿಲ್ಲ. ಈಗ ಬೇಕಾಗಿದ್ದದ್ದು ನಾಲಿಗೆ ತಿದ್ದುವ ಕೆಲಸ. ರೆನ್ನಿ ಊರಿಗೆ ಹೊರಡುವ ಮುಂಚೆ ಥಿಯೇಟರಿನ ಗೋಡೆಗೆ ಒಂದು ಕಾಗದ ಅಂಟಿಸಿದರು: ಎಣಿಕೆಯನ್ನು ಯೆಸ್, ನೋ ಎಂದು ಹೇಳಬೇಡಿ; ಪೂರ್ತಿ ವಾಕ್ಯದಲ್ಲಿ ಹೇಳಿ. ಅಮಾಯಿಗೆ ಅದು ತಮ್ಮ ಮೇಲೆ ಹೊರಿಸಿದ ಅಪವಾದದಂತೆ ಕಂಡಿತು. ಒಂದು ವಾರ ಕಾಗದದ ಕಡೆ ನೋಡಲಿಲ್ಲ. ಆಮೇಲೆ ಸ್ವಾಬು ಎಣಿಸಿದಾಗಲೆಲ್ಲ ಗೋಡೆಗೆ ಕೇಳಿಸುವಂತೆ "ಮೂವತ್ತಕ್ಕೆ ಮೂವತ್ತು" ಎಂದು ಕೂಗತೊಡಗಿದರು.

ಲಿಂಬಾನಿಯ ತರಬೇತಿಯನ್ನು ಅವರೇ ವಹಿಸಿಕೊಂಡರು. ಹೊತ್ತುಗೊತ್ತಿಲ್ಲದೆ, ಇಲ್ಲ ಎಂಬ ಮಾತಿಟ್ಟ ಪ್ರಶ್ನೆಗಳನ್ನು ಇಂಗ್ಲಿಷಿನಲ್ಲಿ ಎಸೆಯುವುದು. ಇವತ್ತು ಬಿಸಿಲಿಲ್ಲ ಅಲ್ವಾ ಡಾಕ್ಟ್ರೇ? ನಿಮ್ಮ ಬೂಟು ಒಣಗಿಲ್ವಾ? ಇಂಗ್ಲಿಷರ ಲೆಕ್ಕದಲ್ಲಿ ತಪ್ಪಿದರೆ ಅವನ ಊಟದ ಡಬ್ಬಿಯ ಹುರಿದ ಶೇಂಗಾದಲ್ಲಿ ಒಂದು ಹಿಡಿ ಅವರದು. ಆಗಸ್ಟ್ ಪೂರ್ತಿ ಅವನು ಶೇಂಗಾ ತಿನ್ನಲಿಲ್ಲ. ಸೆಪ್ಟೆಂಬರಿನಲ್ಲಿ ಅರ್ಧ ಉಳಿಯತೊಡಗಿತು. ಅಕ್ಟೋಬರಿನ ಸೆಕೆ ಏರುವ ಹೊತ್ತಿಗೆ ಅಮಾಯಿ ಸೋತಿದ್ದರು. ಊಟವಾಗಿಲ್ಲವೇ ಎಂದರೆ ಅವನ ಬಾಯಿಂದ ತಾನಾಗಿಯೇ ನೋ ಬರುತ್ತಿತ್ತು.

ತೊಂದರೆ ಶುರುವಾದದ್ದು ಅಲ್ಲಿಂದ. ತಿದ್ದಿದ ನಾಲಿಗೆ ಆಸ್ಪತ್ರೆಯ ಗೇಟಿನಲ್ಲೇ ನಿಲ್ಲಲಿಲ್ಲ, ಮನೆಗೂ ಬಂತು. ಇದ್ದಿಲು ತಂದಿಲ್ಲವೇ ಎಂದು ಹೆಂಡತಿ ಟಿಯಾಮಿಕೆ ಕೇಳಿದರೆ ಅವನು ಚಿಚೇವಾದಲ್ಲೇ "ಅಯಿ", ಅಲ್ಲ, ಎಂದ. ಅಲ್ಲ ಎಂದರೆ ತಂದಿದ್ದಾನೆ ಎಂದೇ ಅವಳು ಅರ್ಧ ಗಂಟೆ ಮನೆಯೆಲ್ಲ ಇದ್ದಿಲ ಚೀಲ ಹುಡುಕಿದಳು. ಆಮೇಲೆ ಇದ್ದಿಲು ತರಲು ಅವನನ್ನೇ ಅಂಗಡಿಗೆ ಅಟ್ಟಿದಳು.

ಅದು ಮನೆಯ ಮಾತು, ಮುಗಿಯಿತು. ನವೆಂಬರಿನ ಮೊದಲ ಮಂಗಳವಾರ ನಡೆದದ್ದು ಅಷ್ಟಕ್ಕೆ ಮುಗಿಯಲಿಲ್ಲ. ಬಾಂಬೋ ಸಯೀದಿ ಎಂಬ ಮುದುಕ ಹರ್ನಿಯಾ ಆಪರೇಷನ್ನಿಗೆ ದೋಣಿಯಲ್ಲಿ ಒಂದು ದಿನ, ಲಾರಿಯ ಮೇಲೆ ಅರ್ಧ ದಿನ ಪ್ರಯಾಣ ಮಾಡಿ ಬಂದಿದ್ದ. ಅರಿವಳಿಕೆಗೆ ಹೊಟ್ಟೆ ಖಾಲಿಯಿರಬೇಕು. ಥಿಯೇಟರಿನ ಬಾಗಿಲಲ್ಲಿ ಲಿಂಬಾನಿ ಕೇಳಿದ: ಬೆಳಿಗ್ಗೆಯಿಂದ ಏನೂ ತಿಂದಿಲ್ಲ ತಾನೆ?

"ಇಂಡೆ," ಎಂದ ಮುದುಕ. ಹೌದು.

ಲಿಂಬಾನಿ ಪಟ್ಟಿಯಿಂದ ಅವನ ಹೆಸರು ಹೊಡೆದು ಹಾಕಿ ವಾರ್ಡಿಗೆ ವಾಪಸು ಕಳಿಸಿದ. ತಿಂದು ಬಂದವನನ್ನು ಮಲಗಿಸುವಂತಿಲ್ಲ. ಒಂದು ಗಂಟೆಯ ಮೇಲೆ ಅಮಾಯಿ ವಾರ್ಡಿಗೆ ಹೋದಾಗ ಮುದುಕ ಗೋಡೆಗೆ ಮುಖ ಮಾಡಿ ಕೂತಿದ್ದ.

ಅವರು ಅವನನ್ನು ಕರೆದುಕೊಂಡು ಬಂದು ಲಿಂಬಾನಿಯ ಎದುರು ನಿಲ್ಲಿಸಿದರು. "ಹೇಳಿ ಬಾಂಬೋ, ನೀವೇ ಹೇಳಿ."

"ನಿನ್ನೆ ಮಧ್ಯಾಹ್ನ ಎನ್ಸಿಮಾ ಮುದ್ದೆ ತಿಂದದ್ದು, ಆಮೇಲೆ ನೀರೂ ಇಲ್ಲ," ಎಂದ ಮುದುಕ. "ತಿಂದಿಲ್ವಾ ಅಂದ್ರಿ. ಹೌದಪ್ಪಾ ಅಂದೆ. ಹೊಟ್ಟೆ ನನ್ನದು, ನನಗೆ ಗೊತ್ತಿಲ್ವಾ? ನಿಮ್ಮ ಊರಲ್ಲಿ ಹೌದು ಅಂದ್ರೆ ಏನು ಡಾಕ್ಟ್ರೇ?"

ಮುದುಕನ ಊರು ಲಿಂಬಾನಿಯ ತಾಯಿಯ ಊರಿನಿಂದ ಹನ್ನೆರಡು ಕಿಲೋಮೀಟರು. ಅಂದಿನ ಪಟ್ಟಿ ಮುಗಿದಿತ್ತು, ಅರಿವಳಿಕೆಯವನು ಹೋಗಿದ್ದ. ಮುದುಕ ಇನ್ನೊಂದು ದಿನ ಉಪವಾಸವಿದ್ದ. ಬುಧವಾರ ಬೆಳಿಗ್ಗೆ ಮೊದಲ ಆಪರೇಷನ್ ಅವನದು. ಎಲ್ಲ ಸರಿಯಾಯಿತು, ಆದರೆ ಮನೆಗೆ ಹೋಗುವವರೆಗೂ ಅವನು ಲಿಂಬಾನಿಯ ಯಾವ ಪ್ರಶ್ನೆಗೂ ಬಾಯಿ ಬಿಡಲಿಲ್ಲ. ತಲೆಯಾಡಿಸುತ್ತಿದ್ದ, ಅದೂ ಅಮಾಯಿಯ ಕಡೆ ನೋಡಿ.

"ಶೇಂಗಾ ಆಟ ಸಾಕು," ಎಂದರು ಅಮಾಯಿ ಆವತ್ತು. ಗೋಡೆಯ ಕಾಗದದ ಕಡೆ ಮೊದಲ ಸಲ ಕೈ ತೋರಿಸಿದರು. "ಆ ತಾಯಿ ಹೇಳಿದ್ದೇ ಸರಿ. ಪೂರ್ತಿ ವಾಕ್ಯ ಹೇಳಿದ್ರೆ ನಾಲಿಗೆ ಸವೆದುಹೋಗುತ್ತಾ?"

ಡಿಸೆಂಬರಿನ ಪರೀಕ್ಷೆ ಪಕ್ಕದ ದೇಶದ ಲುಸಾಕದಲ್ಲಿ. ಬಸ್ಸು ಗಡಿಯಲ್ಲಿ ನಾಲ್ಕು ಗಂಟೆ ನಿಂತಿತು. ಪಕ್ಕದಲ್ಲಿ ಕೂತ ವ್ಯಾಪಾರಿ ಹೆಂಗಸು ಅವನದು ಡಾಕ್ಟರರ ಪರೀಕ್ಷೆಯೆಂದು ತಿಳಿದು ದಾರಿಯುದ್ದಕ್ಕೂ ತನ್ನ ಮೊಣಕಾಲಿನ ನೋವು ವಿವರಿಸಿದಳು. ಲಿಂಬಾನಿ ಪುಸ್ತಕ ತೆರೆಯಲಿಲ್ಲ. ಪೂರ್ತಿ ವಾಕ್ಯ, ಪೂರ್ತಿ ವಾಕ್ಯ ಎಂದು ಮನಸ್ಸಿನಲ್ಲೇ ಹೇಳಿಕೊಂಡ.

ಎಂಟು ಮೇಜುಗಳವರೆಗೆ ಅದು ನೆನಪಿತ್ತು. ಒಂಬತ್ತನೆಯದರಲ್ಲಿ ಎರಡು ದಿನದಿಂದ ಸಿಕ್ಕಿಕೊಂಡ ಹರ್ನಿಯಾ. ಮೇಲಿನ ಚರ್ಮ ಕೆಂಪಾಗಿದೆ, ರೋಗಿಗೆ ಜ್ವರ. ಒಳಗಿನ ಕರುಳು ಕೊಳೆಯುತ್ತಿದೆಯೆಂದು ಅರ್ಥ. ಅಂಥದ್ದನ್ನು ಕೈಯಿಂದ ಹೊಟ್ಟೆಯೊಳಗೆ ತಳ್ಳಿದರೆ ಕೊಳೆತದ್ದು ಒಳಗೇ ಉಳಿಯುತ್ತದೆ. ಲಿಂಬಾನಿ ಲಕ್ಷಣಗಳನ್ನು ಹೇಳಿದ, ಔಷಧಿಗಳನ್ನು ಹೇಳಿದ. ಇಬ್ಬರು ಪರೀಕ್ಷಕರಲ್ಲಿ ಒಬ್ಬಾಕೆ ಐರ್ಲೆಂಡಿನವರು, ಬರೆದುಕೊಳ್ಳುತ್ತಿದ್ದರು. ಪ್ರಶ್ನೆ ಕೇಳುತ್ತಿದ್ದವರು ಅರವತ್ತು ದಾಟಿದ ದಪ್ಪ ಮನುಷ್ಯ.

"ಅಂದ್ರೆ ನೀವು ಅದನ್ನ ಕೈಯಿಂದ ಒಳಗೆ ತಳ್ಳೋದಿಲ್ಲ?"

"ನೋ, ಸರ್," ಎಂದ ಲಿಂಬಾನಿ. ಮೂರು ತಿಂಗಳ ಶೇಂಗಾ ಅವನ ಬಾಯಿಂದ ಮಾತಾಡಿತ್ತು.

ದಪ್ಪ ಮನುಷ್ಯ ಹುಬ್ಬೇರಿಸಿದ. "ನೋ?"

ಆಗ ಲಿಂಬಾನಿ ಆತನ ಎದೆಯ ಚೀಟಿ ಓದಿದ. ಡಾ. ಸಕಾಲ, ಚಿಪಾಟಾ. ಚಿಪಾಟಾ ಗಡಿಯಾಚೆ, ನಿನ್ನೆ ಬಸ್ಸು ದಾಟಿ ಬಂದ ಊರು. ಅಲ್ಲಿ ಮನೆಮನೆಯಲ್ಲೂ ಆಡುವುದು ಅವನದೇ ಭಾಷೆ. ಈ ಮನುಷ್ಯನಿಗೆ ಅವನು ಈಗಷ್ಟೇ ಹೇಳಿದ್ದು: ಇಲ್ಲ ಸರ್, ನಿಮ್ಮ ಮಾತು ತಪ್ಪು, ನಾನು ತಳ್ಳುತ್ತೇನೆ. ಪಕ್ಕದ ಐರಿಷ್ ಹೆಂಗಸಿಗೆ ಅದೇ ಮಾತು ಸರಿಯುತ್ತರವಾಗಿ ಕೇಳಿಸಿತ್ತು. ಆಕೆ ಆಗಲೇ ಟಿಕ್ ಹಾಕಿದ್ದರು. ಸಕಾಲರ ಪೆನ್ನು ಬಲಬದಿಯ ಕೊನೆಯ ಚೌಕದ ಮೇಲಿತ್ತು. ಅದು ಅಪಾಯಕಾರಿ ಎಂಬ ಚೌಕವೆಂದು ಲಿಂಬಾನಿಗೆ ಗೊತ್ತಿತ್ತು.

ಹೋದ ವರ್ಷ ಯೆಸ್ ಅಂದು ಬಿದ್ದಾಗಿತ್ತು. ಈ ವರ್ಷ ನೋ ಅಂದು ಬೀಳುವುದು ಬಾಕಿಯಿತ್ತು. ಅವನಿಗೆ ಹೆದರಿಕೆಯಾಗಲಿಲ್ಲ, ರೇಗಿಹೋಯಿತು.

"ಸರ್, ನನ್ನ ಯೆಸ್ಸೂ ಬೇಡ, ನೋನೂ ಬೇಡ," ಎಂದ. ದನಿ ಪಕ್ಕದ ಮೇಜಿಗೂ ಕೇಳಿಸುವಷ್ಟಿತ್ತು. "ನಾನು ಆ ಹರ್ನಿಯಾನ ಒಳಗೆ ತಳ್ಳೋದಿಲ್ಲ. ಯಾರಾದ್ರೂ ತಳ್ಳೋಕೆ ಬಂದ್ರೆ ಅವರ ಕೈ ಹಿಡೀತೀನಿ. ಒಂದು ಗಂಟೆಯೊಳಗೆ ಥಿಯೇಟರಿಗೆ ಒಯ್ತೀನಿ, ತೆರೀತೀನಿ, ಕೊಳೆತ ಕರುಳು ಕತ್ತರಿಸಿ ತೆಗೀತೀನಿ."

ಐರಿಷ್ ಪರೀಕ್ಷಕಿ ತಲೆಯೆತ್ತಿ, ಉತ್ತರ ಮೊದಲೇ ಹೇಳಿದ್ದರಲ್ಲ ಎಂಬಂತೆ ಇಬ್ಬರನ್ನೂ ನೋಡಿದರು. ಸಕಾಲ ಮುಂದಕ್ಕೆ ಬಾಗಿದರು.

"ಎಲ್ಲಿಯವರು ನೀವು?"

"ಮಲಾವಿ, ಸರ್. ಸರೋವರದ ಕಡೆ."

"ಹೂಂ," ಎಂದರು ಸಕಾಲ. ಪೆನ್ನು ಬಲಗಡೆಯಿಂದ ಎಡಗಡೆಗೆ ಬಂತು. ಗಂಟೆ ಬಾರಿಸಿತು.

ಫಲಿತಾಂಶದ ಪಟ್ಟಿ ಶುಕ್ರವಾರ ಬೆಳಿಗ್ಗೆ ಹನ್ನೊಂದಕ್ಕೆ ಬಂತು. ಲಿಂಬಾನಿ ಆಗ ವಾಪಸು ಬರುವ ಬಸ್ಸಿನಲ್ಲಿ ಚಿಪಾಟಾದ ನಿಲ್ದಾಣದಲ್ಲಿದ್ದ. ಫೋನಿನ ಪರದೆಯಲ್ಲಿ ಪಟ್ಟಿ ಇಳಿಯಲು ಆರು ನಿಮಿಷ ಹಿಡಿಯಿತು. ತನ್ನ ಸಂಖ್ಯೆಯನ್ನು ಎರಡು ಸಲ ನೋಡಿದ, ಪ್ರವೇಶಪತ್ರ ತೆಗೆದು ಅದರ ಪಕ್ಕ ಹಿಡಿದು ಮೂರನೇ ಸಲ ನೋಡಿದ. ಟಿಯಾಮಿಕೆಗೆ ಹೇಳಿದ, ಡಾ. ಚಿರಾಂಬೋ ಅವರಿಗೆ ಸಂದೇಶ ಕಳಿಸಿದ. ಅಷ್ಟರಲ್ಲಿ ಅಮಾಯಿಯೇ ಕರೆ ಮಾಡಿದರು. ಹಿಂದೆ ಥಿಯೇಟರಿನ ಪಾತ್ರೆಗಳ ಸದ್ದು ಕೇಳುತ್ತಿತ್ತು.

"ಡಾಕ್ಟ್ರೇ, ಈ ಸಲ ಫೇಲ್ ಆಗ್ಲಿಲ್ಲ ತಾನೆ?"

"ಇಂಡೆ, ಅಮಾಯಿ."

ಆ ಕಡೆ ಯಾರೋ ಕೆಳಗಿಟ್ಟ ತಟ್ಟೆ ತಿರುಗಿ ತಿರುಗಿ ನಿಂತಿತು.

"ಯಾರ ಲೆಕ್ಕದ ಇಂಡೆ?" ಎಂದರು ಅಮಾಯಿ. "ನಮ್ಮದಾ, ಆ ತಾಯಿಯದಾ? ಪೂರ್ತಿ ವಾಕ್ಯ ಹೇಳಿ."

"ನಾನು ಪಾಸಾಗಿದೀನಿ."

"ಮೂವತ್ತಕ್ಕೆ ಮೂವತ್ತು," ಎಂದು ಅಮಾಯಿ ಕೂಗಿದ್ದು ಅವನಿಗಲ್ಲ, ಥಿಯೇಟರಿನಲ್ಲಿ ಇದ್ದವರಿಗೆ. ಆಮೇಲೆ ದನಿ ಇಳಿಸಿ, ಸೋಮವಾರದ ಪಟ್ಟಿಯಲ್ಲಿ ನಾಲ್ಕು ಹರ್ನಿಯಾ ಇವೆ ಎಂದರು. ತಿಂದಿದ್ದಾರೋ ಇಲ್ಲವೋ ಎಂದು ತಾವೇ ಕೇಳುವುದಾಗಿಯೂ, ಅವನು ಆ ವಿಷಯದಲ್ಲಿ ಬಾಯಿ ಹಾಕಕೂಡದೆಂದೂ ಹೇಳಿ ಫೋನ್ ಇಟ್ಟರು.